ಮಸಾಜರ್ ಎಂಬ ನೆಪ

ಮೂರು ವರ್ಷಗಳ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ್ದೆ. ದೇಹ ಮತ್ತು ತಂತ್ರಜ್ಞಾನ ಎಂಬುದು ವಿಷಯ. ಊಟವಾದ ಮೇಲಿನ ಗೋಷ್ಠಿ, ಸಭೆ ತೂಕಡಿಸುತ್ತಿತ್ತು. ಎಬ್ಬಿಸಲೆಂದು ಒಂದು ಕಥೆ ಹೇಳಿದೆ. ವಿಕ್ಟೋರಿಯಾ ರಾಣಿಯ ಕಾಲದ ವೈದ್ಯರು 'ಹಿಸ್ಟೀರಿಯಾ' ಎಂಬ ಕಾಯಿಲೆಗೆ ಹೆಂಗಸರ ಗುಪ್ತಾಂಗವನ್ನು ಕೈಯಿಂದ ನೀವಿ ಚಿಕಿತ್ಸೆ ಕೊಡುತ್ತಿದ್ದರಂತೆ. ಕೈ ಸೋತು, ಬೇಸತ್ತು, ಕೊನೆಗೆ ವೈಬ್ರೇಟರ್ ಎಂಬ ಯಂತ್ರವನ್ನು ಕಂಡುಹಿಡಿದರಂತೆ. ಸಭೆ ಎದ್ದು ಕೂತಿತು, ನಕ್ಕಿತು, ಚಪ್ಪಾಳೆಯೂ ಬಿತ್ತು. ಕೊನೆಗೆ ಹಿರಿಯ ಮೇಷ್ಟ್ರೊಬ್ಬರು ಕೇಳಿದರು: "ಇದಕ್ಕೆ ಆಕರ ಯಾವುದಮ್ಮ?" ಪುಸ್ತಕದ ಹೆಸರು ಹೇಳಿದೆ. "ಆ ಪುಸ್ತಕಕ್ಕೆ ಆಕರ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹಾಸ್ಟೆಲ್‌ಗೆ ಬಂದು ಹುಡುಕಿದಾಗ ನಾಚಿಕೆಯಾಯಿತು. ಈ ಕಥೆ ಹರಡಿದ್ದು ರೇಚಲ್ ಮೇನ್ಸ್ ಅವರು 1999ರಲ್ಲಿ ಪ್ರಕಟಿಸಿದ 'ದಿ ಟೆಕ್ನಾಲಜಿ ಆಫ್ ಆರ್ಗ್ಯಾಸಂ' ಎಂಬ ಪುಸ್ತಕದಿಂದ. ಆಮೇಲೆ ಅದು ನಾಟಕವಾಯಿತು, 2011ರಲ್ಲಿ 'ಹಿಸ್ಟೀರಿಯಾ' ಎಂಬ ಸಿನಿಮಾ ಆಯಿತು, ತರಗತಿಯ ಪಾಠವೂ ಆಯಿತು. ಅದೇ 2011ರಲ್ಲಿ ಹೆಲೆನ್ ಕಿಂಗ್ ಎಂಬ ವಿದ್ವಾಂಸರು ಪುಸ್ತಕದಲ್ಲಿರುವ ಗ್ರೀಕ್ ಮತ್ತು ರೋಮನ್ ಆಕರಗಳನ್ನು ಮೇನ್ಸ್ ಓದಿದ ರೀತಿಯೇ ಸರಿಯಿಲ್ಲ ಎಂದು ತೋರಿಸಿದ್ದರು. 2018ರಲ್ಲಿ ಹ್ಯಾಲಿ ಲೀಬರ್‌ಮನ್ ಮತ್ತು ಎರಿಕ್ ಶಾಟ್ಸ್‌ಬರ್ಗ್ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ತೆಗೆದು ನೋಡಿದರು. ವೈದ್ಯರು ಹೀಗೆ ವೈಬ್ರೇಟರ್ ಬಳಸುತ್ತಿದ್ದರು ಎಂಬುದಕ್ಕೆ ಅಲ್ಲಿ ಪುರಾವೆಯೇ ಸಿಗಲಿಲ್ಲ. ತಾನು ಮಂಡಿಸಿದ್ದು ಒಂದು ಊಹೆ ಮಾತ್ರ ಎಂದು ಮೇನ್ಸ್ ಕೂಡ ಹೇಳಿದರು. 1880ರ ದಶಕದಲ್ಲಿ ವಿದ್ಯುತ್ ವೈಬ್ರೇಟರ್ ರೂಪಿಸಿದ ಜೋಸೆಫ್ ಮಾರ್ಟಿಮರ್ ಗ್ರ್ಯಾನ್‌ವಿಲ್ ಅಂತೂ ಆ ಯಂತ್ರವನ್ನು ಹೆಂಗಸರ ಮೇಲೆ ಬಳಸುವುದನ್ನು ತಾನು ತಪ್ಪಿಸುತ್ತಲೇ ಬಂದಿದ್ದೇನೆ ಎಂದು 1883ರ ತನ್ನ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದ್ದ. ನಾವು ಯಾರೂ ಆ ಪುಟ ತಿರುವಿರಲಿಲ್ಲ.

ಈ ಸುಳ್ಳು ಹುಟ್ಟಿದ್ದಕ್ಕಿಂತ ಅದು ಹತ್ತೊಂಬತ್ತು ವರ್ಷ ನೆಮ್ಮದಿಯಾಗಿ ಬದುಕಿದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಒಂದು ಶಾಸನದ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆ ಜಗಳವಾಡುವವರು ನಾವು. ಇಲ್ಲಿ ಮಾತ್ರ ಯಾಕೆ ಕೇಳಲಿಲ್ಲ? ನನಗೆ ತೋಚುವ ಉತ್ತರ ಇಷ್ಟು: ಆ ಕಥೆಯಲ್ಲಿ ನಮಗೆ ಬೇಕಾದ ಒಂದು ನೆಪವಿತ್ತು. ಅದರಲ್ಲಿ ಹೆಣ್ಣು ಏನನ್ನೂ ಬಯಸುವುದಿಲ್ಲ, ಅವಳಿಗೆ ಕಾಯಿಲೆ ಬರುತ್ತದೆ. ಅವಳು ಏನನ್ನೂ ಕೊಳ್ಳುವುದಿಲ್ಲ, ವೈದ್ಯರು ಬರೆದುಕೊಡುತ್ತಾರೆ. ಸ್ತ್ರೀವಾದದ ಹೆಸರಿನಲ್ಲಿ ನಾನು ಹೇಳಿದ ಕಥೆಯಲ್ಲಿ ಹೆಣ್ಣೊಬ್ಬಳನ್ನು ಬಿಟ್ಟು ಉಳಿದವರೆಲ್ಲರೂ ಕೆಲಸ ಮಾಡುತ್ತಿದ್ದರು.

ಲೈಂಗಿಕ ಆಟಿಕೆಗಳ ಇತಿಹಾಸವೆಂದರೆ ಬಹುಪಾಲು ಇಂಥ ನೆಪಗಳ ಇತಿಹಾಸ. ಇಂಗ್ಲೆಂಡಿನ ಉತ್ತರಕ್ಕೆ ವಿಂಡೊಲಾಂಡಾ ಎಂಬ ರೋಮನ್ ಕೋಟೆಯಿದೆ. ಅಲ್ಲಿನ ಕಂದಕದಲ್ಲಿ 1992ರಲ್ಲಿ ಮರದ ವಸ್ತುವೊಂದು ಸಿಕ್ಕಿತು. ಸುಮಾರು ಹದಿನಾರು ಸೆಂಟಿಮೀಟರ್ ಉದ್ದ, ಆಕಾರ ನೋಡಿದರೆ ಯಾರಿಗೂ ಅನುಮಾನ ಬರುವಂತಿಲ್ಲ. ದಾಖಲೆಯಲ್ಲಿ ಅದನ್ನು ಬಟ್ಟೆ ರಫೂ ಮಾಡುವ ಸಾಧನವೆಂದು ಬರೆದಿಟ್ಟರು. 2023ರಲ್ಲಿ ಇಬ್ಬರು ಪುರಾತತ್ವಜ್ಞರು ಅದನ್ನು ಮತ್ತೆ ಪರೀಕ್ಷಿಸಿ, ಇದು ಶಿಶ್ನದ ಪ್ರತಿರೂಪ, ಲೈಂಗಿಕ ಬಳಕೆಯದೂ ಇರಬಹುದು ಎಂದರು. ಅರೆಯುವ ಗುಂಡಾಗಿರಬಹುದು, ದೃಷ್ಟಿ ನಿವಾರಣೆಗೆ ಇಟ್ಟದ್ದಾಗಿರಬಹುದು ಎಂಬ ಸಾಧ್ಯತೆಗಳನ್ನೂ ಅವರು ಬಿಟ್ಟುಕೊಡಲಿಲ್ಲ. ವಿದ್ವಾಂಸರ ಎಚ್ಚರವೆಂದರೆ ಇದು. ಆದರೆ ಮೊದಲ ಮೂವತ್ತು ವರ್ಷ ಪಟ್ಟಿಯಲ್ಲಿದ್ದದ್ದು ಎಚ್ಚರವಲ್ಲ, ಮುಜುಗರ.

ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಸುಮಾರು 28,000 ವರ್ಷ ಹಳೆಯ, ನುಣುಪಾಗಿ ಉಜ್ಜಿದ ಕಲ್ಲಿನ ಶಿಶ್ನವೊಂದು ಹದಿನಾಲ್ಕು ಚೂರುಗಳಾಗಿ ಸಿಕ್ಕಿತು. ಅದರ ಮೇಲೆ ಚಕಮಕಿ ಕಲ್ಲು ಒಡೆದ ಗುರುತುಗಳೂ ಇವೆ. ಅದು ಭೋಗದ ವಸ್ತುವೋ, ಪೂಜೆಯದೋ, ಬರೀ ಸುತ್ತಿಗೆಯೋ ಹೇಳಲಾಗದು. ಹೇಳಲಾಗದ ಕಡೆ ಹೇಳದಿರುವುದು ಸರಿ. ಆದರೆ ಹೆರೋಡಾಸ್ ಎಂಬ ಗ್ರೀಕ್ ಕವಿಯ ವಿಷಯದಲ್ಲಿ ಆ ಕಷ್ಟವಿಲ್ಲ. ಕ್ರಿ.ಪೂ. ಮೂರನೇ ಶತಮಾನದ ಅವನ ಒಂದು ಕಿರುನಾಟಕದಲ್ಲಿ ಇಬ್ಬರು ಗೆಳತಿಯರು ಮಾತಾಡಿಕೊಳ್ಳುತ್ತಾರೆ: ನಿನ್ನ ಹತ್ತಿರ ಇದ್ದ ಆ ಚರ್ಮದ ವಸ್ತುವನ್ನು ಹೊಲಿದುಕೊಟ್ಟವನು ಯಾರು, ನನಗೂ ಒಂದು ಬೇಕಲ್ಲ? ಹೊಲಿದವನು ಚಪ್ಪಲಿ ಮಾಡುವ ಕೆರ್ಡಾನ್. ಅವನ ಹೊಲಿಗೆ ಎಷ್ಟು ನಯ ಎಂಬ ಹೊಗಳಿಕೆಯೂ ಉಂಟು. ಒಳ್ಳೆಯ ಸೀರೆ ಎಲ್ಲಿ ಸಿಗುತ್ತದೆ ಎಂದು ಕೇಳುವ ಧಾಟಿಯೇ ಅದು. ವೈದ್ಯನಿಲ್ಲ, ಕಾಯಿಲೆಯಿಲ್ಲ.

ನಮ್ಮ ಕಡೆಯ ಆಕರವೂ ಅಷ್ಟೇ ನೇರ. ವಾತ್ಸ್ಯಾಯನನ 'ಕಾಮಸೂತ್ರ'ದ ಏಳನೇ ಅಧಿಕರಣದಲ್ಲಿ 'ಅಪದ್ರವ್ಯ'ಗಳ ಮಾತು ಬರುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ಆನೆದಂತ, ಕೊಂಬು ಎಂದು ಪಟ್ಟಿ ಕೊಟ್ಟು, ಅಲ್ಲೊಂದು ಭಿನ್ನಾಭಿಪ್ರಾಯವನ್ನೂ ದಾಖಲಿಸುತ್ತಾನೆ. ತವರ ಮತ್ತು ಸೀಸದವು ಮೃದು, ತಂಪು ಎಂದು ಬಾಭ್ರವ್ಯನ ಪರಂಪರೆಯವರು ಹೇಳುತ್ತಾರೆ. ವಾತ್ಸ್ಯಾಯನ ಮರದ್ದೂ ಆಗುತ್ತದೆ, ಹೊಂದಿಕೆ ಮುಖ್ಯ ಎನ್ನುತ್ತಾನೆ. ಐದನೇ ಅಧಿಕರಣದಲ್ಲಿ ಅಂತಃಪುರದ ಹೆಂಗಸರು ಗೆಡ್ಡೆಗೆಣಸು, ಹಣ್ಣುಗಳನ್ನು ಇದೇ ಕೆಲಸಕ್ಕೆ ಬಳಸುವ ಪ್ರಸ್ತಾಪವಿದೆ. ಯಾವ ವಸ್ತು ದೇಹಕ್ಕೆ ಒಗ್ಗುತ್ತದೆ ಎಂಬುದೇ ಅಲ್ಲಿ ಚರ್ಚೆ. ಸೀಸ ವಿಷವೆಂಬುದು ಇಂದು ನಮಗೆ ಗೊತ್ತು. ಅವರ ಉತ್ತರ ತಪ್ಪಿರಬಹುದು, ಪ್ರಶ್ನೆ ಸರಿಯಾಗಿತ್ತು. ಇಂದು ಆ ಪ್ರಶ್ನೆಯನ್ನೇ ನಾವು ಕೇಳುವುದಿಲ್ಲ.

ಇಲ್ಲಿ ಕೆಲವರು ಖುಷಿಯಾಗಿ ತಲೆಯಾಡಿಸುತ್ತಾರೆಂದು ಗೊತ್ತು: 'ನೋಡಿ, ನಮ್ಮ ಪರಂಪರೆ ಎಷ್ಟು ಮುಕ್ತವಾಗಿತ್ತು!' ಇದೂ ಒಂದು ನೆಪವೇ. ಖಜುರಾಹೊ ಶಿಲ್ಪಗಳ ಬಗ್ಗೆ, ಹನ್ನೊಂದನೇ ಶತಮಾನದ ಚಂದ್ರರಾಜನ 'ಮದನತಿಲಕ'ದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು, ಪಕ್ಕದ ಕೋಣೆಯ ಹುಡುಗಿ ಆನ್‌ಲೈನ್‌ನಲ್ಲಿ ಏನೋ ತರಿಸಿಕೊಂಡಳೆಂದು ಗೊತ್ತಾದರೆ ಗುಸುಗುಸು ಶುರುಮಾಡುತ್ತೇವೆ. ಸತ್ತವರ ಕಾಮಕ್ಕೆ ಪಾಂಡಿತ್ಯ, ಬದುಕಿರುವವರ ಕಾಮಕ್ಕೆ ಪಿಸುಮಾತು. ಅದೂ ಅಲ್ಲದೆ ಕಾಮಸೂತ್ರ ಮಾತಾಡುವುದು ಹಣ, ವಿರಾಮ ಎರಡೂ ಇದ್ದ ನಾಗರಕನ ಜೊತೆ. ಅದನ್ನು ಎಲ್ಲರ ಸ್ವಾತಂತ್ರ್ಯದ ಪತ್ರವೆಂದು ಓದುವುದು ಆಕರವನ್ನು ಓದದಿರುವ ಇನ್ನೊಂದು ಬಗೆ.

ಈಗಿನ ಕಾನೂನಿನ ಮಾತಿಗೆ ಬರೋಣ. ಭಾರತದಲ್ಲಿ ಲೈಂಗಿಕ ಆಟಿಕೆಗಳನ್ನು ಹೆಸರಿಟ್ಟು ನಿಷೇಧಿಸುವ ಕಾಯ್ದೆಯಿಲ್ಲ. ಅಶ್ಲೀಲ ವಸ್ತುಗಳ ಮಾರಾಟವನ್ನು ಅಪರಾಧವೆನ್ನುವ ಹಳೆಯ ದಂಡಸಂಹಿತೆಯ 292ನೇ ಕಲಂ ಇತ್ತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 294 ಆಗಿದೆ. ಆಮದು ತಡೆಯಲು 1964ರ ಒಂದು ಕಸ್ಟಮ್ಸ್ ಅಧಿಸೂಚನೆಯಿದೆ. ಅದನ್ನೇ ಹಿಡಿದು ಅಧಿಕಾರಿಗಳು 'ಬಾಡಿ ಮಸಾಜರ್'ಗಳ ಒಂದು ಸರಕನ್ನು ಜಪ್ತಿ ಮಾಡಿದ್ದರು. ಇವುಗಳನ್ನು ಲೈಂಗಿಕ ಆಟಿಕೆಯಾಗಿಯೂ ಬಳಸಬಹುದು, ಆದ್ದರಿಂದ ಅಶ್ಲೀಲ ಎಂಬುದು ಅವರ ವಾದ. ಬಾಂಬೆ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ಇದು ಅಧಿಕಾರಿಯ ಕಲ್ಪನೆಯಷ್ಟೇ ಎಂಬ ಅರ್ಥದ ಮಾತು ಹೇಳಿ ಆ ವಾದವನ್ನು ತಳ್ಳಿಹಾಕಿತು. ತೀರ್ಪು ಸರಿಯೇ. ಆದರೆ ಗೆದ್ದದ್ದು ಏನು? ಮಸಾಜರ್ ಮಸಾಜರೇ ಎಂಬ ಮಾತು. ನೆಪ ಗೆದ್ದಿತು, ವಸ್ತು ಹೆಸರಿಲ್ಲದೆ ಹಾಗೇ ಉಳಿಯಿತು.

ಹೆಸರಿಲ್ಲದಿದ್ದರೆ ಏನು ನಷ್ಟ ಎಂದು ಕೇಳಬಹುದು. ಗುಣಮಟ್ಟದ ನಿಯಮ ಮಾಡಬೇಕೆಂದರೆ ಮೊದಲು ವಸ್ತುವಿಗೊಂದು ಹೆಸರು ಬೇಕು. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ಥ್ಯಾಲೇಟ್ ಎಂಬ ರಾಸಾಯನಿಕಗಳಿಗೆ ಅಲ್ಲಿ ಮಿತಿಯಿದೆ. ದೇಹದ ಅತಿ ಸೂಕ್ಷ್ಮ ಭಾಗಕ್ಕೆ ತಾಗುವ ವಸ್ತುವಿಗೆ ಅಂಥ ಕಡ್ಡಾಯವಿಲ್ಲ, ಯಾಕೆಂದರೆ ಅದು ಕಾಗದದ ಮೇಲೆ ಬೆನ್ನುನೋವಿನ ಮಸಾಜರ್. ಅಂತಾರಾಷ್ಟ್ರೀಯ ಮಾನಕ ಸಂಸ್ಥೆ 2021ರಲ್ಲೇ ಐಎಸ್ಒ 3533 ಎಂಬ ಮಾನಕವನ್ನು ಈ ವಸ್ತುಗಳಿಗೆಂದೇ ಹೊರತಂದಿದೆ. ಪರದೇಶದ ಎಷ್ಟೋ ಡಬ್ಬಗಳ ಮೇಲೆ 'ತಮಾಷೆಯ ಬಳಕೆಗೆ ಮಾತ್ರ' ಎಂಬರ್ಥದ ಸಾಲು ಇರುತ್ತದೆ. ಅದು ತಯಾರಕ ತನ್ನ ಹೊಣೆ ಜಾರಿಸಿಕೊಳ್ಳುವ ನೆಪ. 'ಸಬಲೀಕರಣ', 'ವೆಲ್‌ನೆಸ್' ಎಂದು ತಿಳಿ ಗುಲಾಬಿ ಡಬ್ಬದಲ್ಲಿ ಮಾರುವ ಹೊಸ ಕಂಪನಿಗಳ ಮಾತನ್ನೂ ನಾನು ಸುಮ್ಮನೆ ನಂಬುವುದಿಲ್ಲ. ಯಾವುದರಿಂದ ಮಾಡಿದ್ದು ಎಂದು ಡಬ್ಬದ ಮೇಲೆ ಬರೆಯದ ಸಬಲೀಕರಣ ಯಾರಿಗೆ ಬೇಕು?

ಕೊಳ್ಳುವವರಿಗೆ ತಿಳಿದಿರಬೇಕಾದದ್ದು ಬಹಳವಿಲ್ಲ. ವೈದ್ಯಕೀಯ ದರ್ಜೆಯ ಸಿಲಿಕೋನ್, ಗಟ್ಟಿ ಎಬಿಎಸ್ ಪ್ಲಾಸ್ಟಿಕ್, ಬೊರೊಸಿಲಿಕೇಟ್ ಗಾಜು, ಸ್ಟೇನ್‌ಲೆಸ್ ಸ್ಟೀಲ್ ಇವುಗಳಲ್ಲಿ ಸೂಕ್ಷ್ಮ ರಂಧ್ರಗಳಿಲ್ಲ, ತೊಳೆದರೆ ಶುಚಿಯಾಗುತ್ತವೆ. ಅಗ್ಗದ, ಅಂಟಂಟಾದ, ಘಾಟು ವಾಸನೆಯ 'ಜೆಲ್ಲಿ' ವಸ್ತುಗಳು ಹಾಗಲ್ಲ. ಗುದಕ್ಕೆ ಬಳಸುವುದಾದರೆ ಬುಡ ಅಗಲವಾಗಿರಲೇಬೇಕು, ಇಲ್ಲವಾದರೆ ಒಳಗೆ ಜಾರಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ತೆಂಗಿನೆಣ್ಣೆ ಲ್ಯಾಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ. ನೀರು ಆಧಾರಿತ ಜಾರುದ್ರವ ಎಲ್ಲದಕ್ಕೂ ಹೊಂದುತ್ತದೆ. ಇಬ್ಬರು ಬಳಸುವುದಾದರೆ ನಡುವೆ ತೊಳೆಯಬೇಕು ಅಥವಾ ಹೊಸ ಕಾಂಡೋಮ್ ಹಾಕಬೇಕು. ಇಷ್ಟನ್ನು ಹೇಳಲು ಒಂದು ಪ್ಯಾರಾ ಸಾಕಾಯಿತು. ನಾನು ಓದಿ ಬೆಳೆದ ಯಾವ ಕನ್ನಡ ಪತ್ರಿಕೆಯಲ್ಲೂ ಈ ಪ್ಯಾರಾ ಕಂಡಿಲ್ಲ.

'ಅನ್ನ, ನೀರು, ಜಾತಿ ಎಂಬ ದೊಡ್ಡ ಪ್ರಶ್ನೆಗಳಿರುವಾಗ ಇದೆಂಥ ಶೋಕಿ?' ಎಂದು ಕೇಳುವವರಿದ್ದಾರೆ. ಅವರಿಗೆ ಗಾಸ್ನೆಲ್ ಡಂಕನ್ ಅವರ ಹೆಸರು ಹೇಳುತ್ತೇನೆ. ಕೆರಿಬಿಯನ್ನಿನ ಗ್ರೆನಡಾದಿಂದ ಅಮೆರಿಕಕ್ಕೆ ಹೋಗಿದ್ದ ಆ ಕಪ್ಪು ಕಾರ್ಮಿಕ 1965ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ತಮ್ಮಂಥವರಿಗೂ ದಾಂಪತ್ಯವಿದೆ, ಬಯಕೆಯಿದೆ ಎಂದು, ಸುರಕ್ಷಿತ ವಸ್ತುವನ್ನು ಹುಡುಕಿ, 1970ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನಲ್ಲಿ ಸಿಲಿಕೋನ್ ಉಪಕರಣಗಳನ್ನು ಎರಕ ಹೊಯ್ಯತೊಡಗಿದರು. ಇಂದು ಎಲ್ಲರೂ ಒಳ್ಳೆಯದೆನ್ನುವ ಸಿಲಿಕೋನ್ ಈ ಕ್ಷೇತ್ರಕ್ಕೆ ಬಂದದ್ದು ಶೋಕಿಯಿಂದಲ್ಲ, ಗಾಲಿಕುರ್ಚಿಯಲ್ಲಿ ಕೂತವರೊಬ್ಬರ ಅಗತ್ಯದಿಂದ. ಅಂಗವಿಕಲರು, ಗಂಡನಿಲ್ಲದವರು, ವಯಸ್ಸಾದವರು, ಒಂಟಿಯಾಗಿರಲು ಆರಿಸಿಕೊಂಡವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರ ದೇಹದ ಪ್ರಶ್ನೆ ಚಿಕ್ಕದೆಂದು ನಿರ್ಧರಿಸಿದವರು ಯಾರು?

'ಆಟಿಕೆ' ಎಂಬ ಪದದ ಬಗ್ಗೆ ನನಗೂ ಪೂರ್ತಿ ಸಮಾಧಾನವಿಲ್ಲ. ಡಂಕನ್ ಮಾಡಿದ್ದು ಆಟಿಕೆಯಲ್ಲ. ಆದರೂ ಮಸಾಜರ್ ಎಂಬ ಸುಳ್ಳಿಗಿಂತ ಅದು ಮೇಲು. ಇದಕ್ಕಿಂತ ಒಳ್ಳೆಯ ಪದ ಟಂಕಿಸುವವರು ಟಂಕಿಸಲಿ, ನಾನು ಬಳಸುತ್ತೇನೆ.

ಆ ಮೇಷ್ಟ್ರಿಗೆ ಆಮೇಲೆ ಪತ್ರ ಬರೆದೆ: ಸರ್, ಆಕರ ಇರಲಿಲ್ಲ, ನಾನು ನೋಡಿರಲಿಲ್ಲ. ಅವರು ಎರಡೇ ಸಾಲು ಬರೆದರು: "ಗೊತ್ತಿತ್ತಮ್ಮ. ನಾಚಿಕೆಯ ವಿಷಯವೆಂದು ಯಾರೂ ಪರೀಕ್ಷಿಸುವುದಿಲ್ಲ, ಅದಕ್ಕೇ ಕೇಳಿದೆ." ಪ್ರಬಂಧದಿಂದ ಆ ಕಥೆಯನ್ನು ತೆಗೆದುಹಾಕಿದ್ದೇನೆ. ಈಗ ಓದಿದರೆ ಸಭೆ ನಗುವುದಿಲ್ಲ. ತೂಕಡಿಸಿದರೂ ಪರವಾಗಿಲ್ಲ.