ಬಾತು ಮೇಯ್ತಾವಂತ ಹೊಲಕ್ಕೆ ವಿಷ ಇಡಬ್ಯಾಡ್ರಿ

ಶಿವರಾತ್ರಿ ಮುಗೀತು, ಹೋಳಿ ಹುಣ್ಣಿಮೆ ಹತ್ರ ಬಂತು. ಚಳಿ ಶಿವಶಿವಾ ಅಂತ ಹೋತು, ಆದ್ರೂ ಬೆಳಗಿನ ಹೊತ್ತು ತುಸು ತಂಪೈತಿ.

ಮೊನ್ನೆ ಹೊಸಪೇಟೆ ಕಡೆ ಬೀಗರ ಊರಿಗೆ ಹೋಗಿದ್ದೆ. ಅವರ ಹೊಲ ಡ್ಯಾಮಿನ ಹಿನ್ನೀರಿನ ಅಂಚಿಗೆ. ನೀರು ಸರಿದ ಮೇಲೆ ತಡವಾಗಿ ಕಡ್ಲಿ ಬಿತ್ತಿದಾರೆ. ಬೆಳಿಗ್ಗೆ ಆರೂವರೆಗೆ ಪಟ್ಟೆ ಹೆಬ್ಬಾತು ಎಣಿಸಾಕ ಶುರು ಮಾಡಿ ನೂರಾ ನಲವತ್ತಕ್ಕೆ ಬಿಟ್ಟೆ. ಬಿಳಿ ತಲೆ ಮ್ಯಾಲೆ ಎರಡು ಕರಿ ಪಟ್ಟೆ. ರಾತ್ರಿ ಹೊಲದಾಗ ಮೇಯ್ತಾವ, ಹಗಲು ನೀರಾಗ ತೂಕಡಿಸ್ತಾವ. ವಾಪಸ್ ಬರ್ತಾ ಕಮಲಾಪುರ ಕೆರೆಯಾಗ ಬಣ್ಣದ ಕೊಕ್ಕರೆ, ಸಂಡೂರು ರಸ್ತೆ ಜೋಳದ ಹೊಲದ ಮ್ಯಾಲೆ ಮೋಡದಂಗೆ ಗುಲಾಬಿ ಕಬ್ಬಕ್ಕಿ ಸಿಕ್ಕವು.

ಬೀಗರಿಗೆ ಸಿಟ್ಟು. "ನಿಮಗೇನ್ರಿ, ನೋಡಿ ಫೋಟೋ ಹೊಡ್ಕೊಂಡು ಹೋಗ್ತೀರಿ. ಕಡ್ಲಿ ಹೋಗಿದ್ದು ನಂದು. ಗುಳಿಗೆ ಹಚ್ಚಿದ ಕಾಳು ಚೆಲ್ಲಿದ್ರೆ ಎರಡು ದಿನದಾಗ ಜಾಗ ಖಾಲಿ" ಅಂದ್ರು. ಅವರ ನಷ್ಟ ಸುಳ್ಳಲ್ಲ, ಒಂದು ಮೂಲೆ ಪೂರಾ ಬೋಳಾಗೈತಿ. ಆದ್ರೆ ವಿಷದ ಮಾತು ನಾನು ಒಪ್ಪಲಿಲ್ಲ.

ಯಾಕಂದ್ರೆ ಆ ತಪ್ಪು ನಾನೂ ಮಾಡಿದೀನಿ. ಮೂರು ವರ್ಷದ ಹಿಂದೆ ಕಂಪ್ಲಿ ಗದ್ದೆಯಾಗ ಕಾಂಡಕೊರಕಕ್ಕೆ ಕಾರ್ಬೊಫ್ಯುರಾನ್ ಗುಳಿಗೆ ಎರಚಿ, ಮಡಿ ಬಾಯಿ ಕಟ್ಟದೆ ಮನೆಗೆ ಬಂದೆ. ಮರುದಿನ ಬಸಿಗಾಲುವೆ ದಡದಾಗ ಒಂಬತ್ತು ಬೆಳ್ಳಕ್ಕಿ ಸತ್ತು ಬಿದ್ದಿದ್ವು. ಅದೇ ನೀರಿಗೆ ಪಕ್ಕದ ಮನೆಯ ಎಮ್ಮೆ ಬಾಯಿ ಹಾಕೋದ್ರಾಗ ಓಡಿ ಹೋಗಿ ಹಿಡಿದೆ. ಆ ಹಂಗಾಮು ನನ್ನ ಗದ್ದೆಗೆ ಬೆಳ್ಳಕ್ಕಿ ಇಳಿಯಲೇ ಇಲ್ಲ, ಹುಳ ಮಾತ್ರ ಮತ್ತೆ ಬಂದ್ವು.

ವಿಷಕ್ಕೆ ಬಾತು ಯಾವುದು, ಬೆಳ್ಳಕ್ಕಿ ಯಾವುದು, ದನ ಯಾವುದು ಗೊತ್ತಾಗಲ್ಲ. ನಮ್ಮ ಬಸಿನೀರು ಕೊನೆಗೆ ಹೊಳೆಗೇ ಹೋಗೋದು. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಮೀನುಗಾರರ ಹೊಟ್ಟೆಪಾಡೂ ಅದೇ ನೀರಾಗೈತಿ.

ಈ ಬಾತುಗಳು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದವು. ಇನ್ನೊಂದು ತಿಂಗಳು, ಅಷ್ಟರಾಗ ಹೊರಡ್ತಾವ. ಗುಲಾಬಿ ಕಬ್ಬಕ್ಕಿ ನಮ್ಮಲ್ಲಿ ಜೋಳ ತಿಂತಾವ ನಿಜ. ಆದ್ರೆ ಚೀನಾದ ಶಿಂಜಿಯಾಂಗ್‌ನಾಗ ಮಿಡತೆ ತಿನ್ನಲಿ ಅಂತ ಅವಕ್ಕೆ ಕಲ್ಲಿನ ಗೂಡು ಕಟ್ಟಿಕೊಡ್ತಾರ. ನಾವು ಕಳ್ಳ ಅಂತೀವಿ, ಅವರು ಕೂಲಿಯಾಳು ಅಂತಾರ.

ಹಂಗಾದ್ರೆ ಬೆಳೆ ಬಿಟ್ಟುಕೊಡಬೇಕಾ ಅಂತ ಕೇಳ್ತೀರಿ. ಬ್ಯಾಡ. ಓಡಿಸ್ರಿ, ಕೊಲ್ಲಬ್ಯಾಡ್ರಿ. ಮಿಂಚುವ ರಿಬ್ಬನ್ ಕಟ್ರಿ, ಡಬ್ಬಿ ಬಡೀರಿ. ಒಬ್ಬನೇ ಎಷ್ಟು ರಾತ್ರಿ ಕಾಯ್ತಾನ? ಹಿನ್ನೀರಿನ ಅಂಚಿನ ಏಳೆಂಟು ಹೊಲದವರು ಪಾಳಿ ಹಚ್ಕೊಳ್ರಿ. ಕಡ್ಲಿಯಾಗ ಎಕರೆಗೆ ಎಂಟ್ಹತ್ತು ಕವಲು ಕೋಲು ನೆಡ್ರಿ, ಕಾಜಾಣ ಕೂತು ಕಾಯಿಕೊರಕ ಹೆಕ್ತಾವ. ಗದ್ದೆಗೆ ಗುಳಿಗೆ ಹಾಕಲೇಬೇಕಾದ್ರೆ ಮಡಿ ನೀರು ಹೊರಗೆ ಹೋಗದಂಗೆ ಕಟ್ರಿ, ದನ ಬಿಡಬ್ಯಾಡ್ರಿ.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ನೋಡ್ರಿ. ನಮ್ಮಂಥದೇ ಊರ ಕೆರೆ, ಜಾಲಿಗಿಡದ ತುಂಬ ಹಕ್ಕಿ ಗೂಡು. 2024ರಾಗ ಅದು ರಾಮ್ಸರ್ ಪಟ್ಟಿಗೆ ಸೇರ್ತು. ಅಲ್ಲಿನ ಸುತ್ತಮುತ್ತ ಹೊಲದವರೂ ರೈತರೇ.

ಬೀಗರು ಕಾಳು ಚೆಲ್ಲಲ್ಲ ಅಂದಾರ, ಆದ್ರೆ ಪಾಳಿಗೆ ನೀನೂ ಬಾ ಅಂದಾರ. ಶನಿವಾರ ರಾತ್ರಿ ನಂದು. ಹತ್ತಿರದವರು ಬರೋದಿದ್ರೆ ಹೇಳ್ರಿ, ಚಾ ನಾನು ತರ್ತೀನಿ.