ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ಮೇವಲ್ಲ



ಬೆಳಿಗ್ಗೆ ಕ್ಯಾನು ಹಿಡಿದು ಡೇರಿಗೆ ಹೋದಾಗ ಕಾರ್ಯದರ್ಶಿಗಳು ಹಾಲಿನ ಬಣ್ಣ ನೋಡಿಯೇ ದರ ಬರೆದರೆ ನೀವು ಸುಮ್ಮನಿರುತ್ತೀರಾ? ಜಗಳಕ್ಕೆ ನಿಲ್ಲುತ್ತೀರಿ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಯಂತ್ರ ತೋರಿಸಬೇಕು, ಚೀಟಿ ಕೈಗೆ ಬರಬೇಕು. ಹಾಲನ್ನು ಅಳೆಯದೆ ನಂಬದ ನಾವು, ಆ ಹಾಲಿಗೆ ಮೂಲವಾದ ಮೇವನ್ನು ಮಾತ್ರ ಬದುವಿನ ಮೇಲೆ ನಿಂತು ಕಣ್ಣಳತೆಯಲ್ಲೇ ಅಳೆಯುತ್ತೇವೆ. ಕಡುಹಸಿರಾಗಿದ್ದರೆ ಒಳ್ಳೆಯ ಮೇವು, ಕೊಂಚ ಬಿಳಿಚಿಕೊಂಡರೆ ಇನ್ನೊಂದಿಷ್ಟು ಯೂರಿಯಾ. ಈ ಲೆಕ್ಕ ಸರಿಯಲ್ಲ ಎಂಬುದು ನನ್ನ ಅನುಭವದ ಮಾತು.

ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. ಮಳೆ ಕೈಕೊಟ್ಟು ಬಾಡಿದ್ದ ಮುಸುಕಿನ ಜೋಳಕ್ಕೆ, ಒಂದು ಹದ ಮಳೆ ಬಿದ್ದ ಕೂಡಲೇ ಧಾರಾಳವಾಗಿ ಯೂರಿಯಾ ಎರಚಿದೆ. ನಾಲ್ಕು ದಿನದಲ್ಲಿ ಬೆಳೆ ಕಡುಹಸಿರಾಯಿತು. ಖುಷಿಯಿಂದ ಕೊಯ್ದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹಸು ಏದುಸಿರು ಬಿಡುತ್ತಾ ತೂರಾಡತೊಡಗಿತು. ಪಶುವೈದ್ಯರು ಸಮಯಕ್ಕೆ ಬಂದು ನರಕ್ಕೆ ನೀಲಿ ಔಷಧ ಕೊಟ್ಟಿದ್ದರಿಂದ ಉಳಿಯಿತು. ಗಿಡ ಹೀರಿಕೊಂಡ ಸಾರಜನಕವೆಲ್ಲ ಇನ್ನೂ ಪ್ರೋಟೀನ್ ಆಗದೆ ನೈಟ್ರೇಟ್ ರೂಪದಲ್ಲೇ ದಂಟಿನಲ್ಲಿ ನಿಂತಿತ್ತು. ಅದು ಹಸುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತ ಪ್ರಾಣವಾಯು ಹೊರದಂತೆ ಮಾಡಿತು ಎಂದು ಅವರು ವಿವರಿಸಿದರು. ನನ್ನ ಕಣ್ಣಿಗೆ ಕಂಡದ್ದು ಹಸಿರು ಮಾತ್ರ.

ಅದೇ ವರ್ಷ ದ್ವಿತೀಯ ಪಿಯುಸಿ ಓದುತ್ತಿದ್ದ ಮಗಳಿಗೆ ಜೀವಶಾಸ್ತ್ರದ ಪ್ರಾಜೆಕ್ಟ್ ಮಾಡಬೇಕಿತ್ತು. ಅಂಗಡಿಯಿಂದ ಥರ್ಮೊಕೋಲ್ ತಂದು ಎಲೆಯ ಮಾದರಿ ಅಂಟಿಸುವ ಬದಲು, ನಮ್ಮ ನೇಪಿಯರ್ ಹುಲ್ಲಿನಲ್ಲೇ ಪತ್ರಹರಿತ್ತು ಅಳೆಯುತ್ತೇನೆ ಎಂದಳು. ಪತ್ರಹರಿತ್ತು ಅಂದರೆ ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೊಫಿಲ್. ಅದರ ಒಂದು ಅಣುವಿನ ನಡುವೆ ಒಂದು ಮೆಗ್ನೀಸಿಯಂ, ಅದರ ಸುತ್ತ ನಾಲ್ಕು ಸಾರಜನಕ ಪರಮಾಣು ಇರುತ್ತವೆ. ಸಾರಜನಕ ಕೊಟ್ಟರೆ ಎಲೆ ಹಸಿರಾಗುವುದಕ್ಕೆ ಇದೂ ಒಂದು ಕಾರಣ.

ಮೂರು ಸಣ್ಣ ಮಡಿ ಮಾಡಿದೆವು. ಒಂದಕ್ಕೆ ಯೂರಿಯಾ ಇಲ್ಲ, ಎರಡನೆಯದಕ್ಕೆ ಶಿಫಾರಸಿನಷ್ಟು, ಮೂರನೆಯದಕ್ಕೆ ಅದರ ಎರಡರಷ್ಟು. ಮೂರು ವಾರದ ನಂತರ ಪ್ರತಿ ಮಡಿಯಿಂದಲೂ ಒಂದೇ ಹೊತ್ತಿನಲ್ಲಿ, ಒಂದೇ ವಯಸ್ಸಿನ, ಪೂರ್ತಿ ಬಿಚ್ಚಿಕೊಂಡ ಎಲೆಗಳನ್ನು ಕಿತ್ತಳು. ಕಾಲೇಜಿನಲ್ಲಿ ಸಮ ತೂಕ ಮಾಡಿ, 80 ಭಾಗ ಅಸಿಟೋನಿಗೆ 20 ಭಾಗ ನೀರು ಬೆರೆಸಿದ ದ್ರಾವಣದಲ್ಲಿ ಅರೆದು ಸೋಸಿದಳು. ಬೆಳಕು ತಾಗಿದರೆ ಪತ್ರಹರಿತ್ತು ಕೆಡುತ್ತದೆಂದು ನಳಿಕೆಗಳಿಗೆ ಕಪ್ಪು ಕಾಗದ ಸುತ್ತಿದ್ದಳು. ಆ ರಸ ಕೆಂಪು ಬೆಳಕನ್ನು ಎಷ್ಟು ಹೀರುತ್ತದೆ ಎಂದು ಯಂತ್ರದಲ್ಲಿ 663 ಮತ್ತು 645 ನ್ಯಾನೋಮೀಟರ್ ತರಂಗಾಂತರಗಳಲ್ಲಿ ಅಳೆದು, 1949ರಲ್ಲಿ ಆರ್ನನ್ ಪ್ರಕಟಿಸಿದ ಸೂತ್ರಕ್ಕೆ ಹಾಕಿದರೆ ಲೆಕ್ಕ ಸಿಗುತ್ತದೆ.

ಮೊದಲ ಮಡಿಗಿಂತ ಎರಡನೆಯದರಲ್ಲಿ ಪತ್ರಹರಿತ್ತು ಚೆನ್ನಾಗಿ ಹೆಚ್ಚಿತ್ತು. ಎರಡನೆಯದಕ್ಕೂ ಮೂರನೆಯದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಮಗಳು ಕೇಳಿದಳು: "ಅಪ್ಪಾ, ಮೂರನೇ ಮಡಿಗೆ ಹಾಕಿದ ಹೆಚ್ಚಿನ ಗೊಬ್ಬರ ಎಲ್ಲಿ ಹೋಯ್ತು?"

ಈ ಪ್ರಶ್ನೆಯನ್ನೇ ನಿಮ್ಮ ಮುಂದಿಡುತ್ತಿದ್ದೇನೆ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸುಮಾರು 20.7 ಕೆ.ಜಿ. ಸಾರಜನಕವಿರುತ್ತದೆ. ಗಿಡ ಒಂದು ಮಟ್ಟದವರೆಗೆ ಅದನ್ನು ಹಸಿರಾಗಿ, ಪ್ರೋಟೀನಾಗಿ ಮಾಡಿಕೊಳ್ಳುತ್ತದೆ. ಆಮೇಲೆ ಹಾಕಿದ್ದರಲ್ಲಿ ಒಂದಿಷ್ಟು ಗಾಳಿಗೆ, ಒಂದಿಷ್ಟು ನೀರಿನ ಜೊತೆ ಕೆಳಕ್ಕೆ ಹೋಗುತ್ತದೆ. ಒಂದಿಷ್ಟು ನೈಟ್ರೇಟ್ ಆಗಿ ದಂಟಿನಲ್ಲಿ ಕೂರುತ್ತದೆ. ದುಡ್ಡು ಕೊಟ್ಟು ತಂದದ್ದು ಮಣ್ಣುಪಾಲು, ಇಲ್ಲವೇ ಹಸುವಿನ ಜೀವಕ್ಕೆ ಸಂಚಕಾರ.

"ನಲವತ್ತು ವರ್ಷದಿಂದ ಹುಲ್ಲು ನೋಡಿದ್ದೇನೆ, ನನ್ನ ಕಣ್ಣೇ ಸಾಕು" ಎನ್ನುವ ಹಿರಿಯರಿದ್ದಾರೆ. ಅವರ ಅನುಭವಕ್ಕೆ ಕೈಮುಗಿಯುತ್ತೇನೆ. ಆದರೆ ಬಿಸಿಲಿನಲ್ಲಿ ಒಂದು ಬಣ್ಣ, ಮೋಡದಲ್ಲಿ ಇನ್ನೊಂದು ಬಣ್ಣ ಕಾಣುವುದು ಎಲ್ಲರ ಕಣ್ಣಿಗೂ ಇರುವ ಮಿತಿ. ಹಳದಿಯೆಲ್ಲ ಸಾರಜನಕದ ಕೊರತೆಯೂ ಅಲ್ಲ. ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕ ಕಡಿಮೆಯಾಗಿರಬಹುದು. ಮೇಲಿನ ಎಳೆಯ ಎಲೆ ಮೊದಲು ಹಳದಿಯಾದರೆ ಕಬ್ಬಿಣ ಅಥವಾ ಗಂಧಕದ ಕೊರತೆ ಇರಬಹುದು. ಅದಕ್ಕೆ ಎಷ್ಟು ಯೂರಿಯಾ ಸುರಿದರೂ ಪ್ರಯೋಜನವಿಲ್ಲ.

ಹಾಗೆಂದು ಪತ್ರಹರಿತ್ತಿನ ಅಳತೆಯೇ ಎಲ್ಲವನ್ನೂ ಹೇಳುವುದಿಲ್ಲ. ದಂಟಿನ ನೈಟ್ರೇಟಾಗಲಿ, ಎಳೆ ಜೋಳದ ವಿಷವಾಗಲಿ ಅದರಲ್ಲಿ ಕಾಣುವುದಿಲ್ಲ. ಬರದ ನಂತರ ಮಳೆ ಬಿದ್ದಾಗ, ಯೂರಿಯಾ ಹಾಕಿದ ಬೆನ್ನಲ್ಲೇ ಕೊಯ್ಯದಿರುವ ಎಚ್ಚರ ನಮಗೇ ಇರಬೇಕು. ರಸಮೇವನ್ನೇ ನೋಡಿ: ಗುಂಡಿಯ ಹುಳಿಗೆ ಪತ್ರಹರಿತ್ತಿನ ಮೆಗ್ನೀಸಿಯಂ ಕಳಚಿ ಹಸಿರು ಹೋಗಿ ಕಂದು ಛಾಯೆ ಬರುತ್ತದೆ, ಆದರೂ ಅದು ಒಳ್ಳೆಯ ಮೇವೇ.

ನನ್ನ ಕೋರಿಕೆ ಎರಡೇ. ಒಂದು, ಭತ್ತದ ರೈತರು ಬಳಸುವ ಎಲೆ ಬಣ್ಣದ ಪಟ್ಟಿಯನ್ನು ಪ್ರತಿ ಸಂಘವೂ ತಂದಿಡಲಿ. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಬಣ್ಣಗಳಿರುವ ಅಗ್ಗದ ಪಟ್ಟಿ ಅದು. ಭತ್ತಕ್ಕೆಂದು ಮಾಡಿದ್ದಾದ್ದರಿಂದ ಮೇವಿಗೆ ಗೊಬ್ಬರದ ಪ್ರಮಾಣ ಅದು ಹೇಳದು. ಆದರೆ ನಿಮ್ಮದೇ ಎರಡು ಮಡಿಗಳನ್ನು, ಹೋದ ವಾರವನ್ನು ಈ ವಾರದೊಂದಿಗೆ ಹೋಲಿಸಲು ಸಾಕು. ಎಲೆಯನ್ನು ನಿಮ್ಮ ಮೈನೆರಳಿನಲ್ಲಿ ಹಿಡಿದು, ಪ್ರತಿಸಲ ಒಂದೇ ಹೊತ್ತಿನಲ್ಲಿ ಹತ್ತು ಎಲೆ ನೋಡಿ.

ಎರಡು, ಮನೆಯ ಮಕ್ಕಳು ಪ್ರಾಜೆಕ್ಟ್ ಎಂದು ಬಂದಾಗ ಅಂಗಡಿಗೆ ಕಳಿಸಬೇಡಿ. ಮೂರು ಮಡಿ ಜಾಗ ಬಿಟ್ಟುಕೊಡಿ. ಅಸಿಟೋನ್ ಬೇಗ ಬೆಂಕಿ ಹತ್ತುವ ವಸ್ತು, ಆ ಕೆಲಸ ಒಲೆಯ ಹತ್ತಿರ ಬೇಡ, ಉಪನ್ಯಾಸಕರ ಮುಂದೆ ಕಾಲೇಜಿನಲ್ಲೇ ಆಗಲಿ. ಅವರಿಗೆ ಅಂಕ ಸಿಗುತ್ತದೆ, ನಮಗೆ ನಮ್ಮ ಹೊಲದ ಲೆಕ್ಕ ಸಿಗುತ್ತದೆ.

ಮೂರನೇ ಮಡಿಗೆ ಹಾಕುತ್ತಿದ್ದ ಹೆಚ್ಚಿನ ಯೂರಿಯಾ ನಾನು ನಿಲ್ಲಿಸಿದ್ದೇನೆ. ಹುಲ್ಲೇನೂ ಕಡಿಮೆಯಾಗಿಲ್ಲ. ನಿಮ್ಮ ಹೊಲದ ಮೂರನೇ ಮಡಿ ಯಾವುದೆಂದು ಒಮ್ಮೆ ಅಳೆದು ನೋಡಿ.