ಎಲ್ಲರಿಗೂ ಬಡಿಸುವವಳ ತಟ್ಟೆಯಲ್ಲಿ ಏನಿದೆ?

‘ಯಾಕೋ ಮೈಕೈ ನೋವು ಕಣ್ರೀ, ಮೆಟ್ಟಿಲು ಹತ್ತೋಕಾಗಲ್ಲ, ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ...’ ನಾಲ್ಕು ಜನ ಗೃಹಿಣಿಯರು ಸೇರಿದ ಕಡೆ ಈ ಮಾತು ಬಾರದೇ ಇರುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಎಷ್ಟೋ ಜನಕ್ಕೆ ‘ವಿಟಮಿನ್ ಡಿ ಕಡಿಮೆ’ ಅಂತ ಬರುತ್ತದೆ. ಅಲ್ಲಿಂದ ಶುರು ಸಲಹೆಗಳ ಸುರಿಮಳೆ. ರಾಗಿ ಅಂಬಲಿ ಕುಡೀರಿ, ಬಾದಾಮಿ ನೆನೆಸಿ ತಿನ್ನಿ, ಸೊಪ್ಪು ಹೆಚ್ಚು ಮಾಡಿ! ಎಲ್ಲವೂ ಒಳ್ಳೆಯದೇ. ಆದರೆ ಇವನ್ನಷ್ಟೇ ನಂಬಿಕೊಂಡರೆ ಡಿ ಕೊರತೆ ತುಂಬುವುದಿಲ್ಲ.

ಏಕೆಂದರೆ ವಿಟಮಿನ್ ಡಿ ಮುಖ್ಯವಾಗಿ ತಯಾರಾಗುವುದು ಅಡುಗೆಮನೆಯಲ್ಲಲ್ಲ, ಬಿಸಿಲಿಗೆ ಒಡ್ಡಿದ ನಮ್ಮ ಚರ್ಮದಲ್ಲಿ. ನಾವು ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತಬೇಕಾದರೆ ಈ ಡಿ ಬೇಕೇ ಬೇಕು. ಇದು ತೀರಾ ಕಡಿಮೆಯಾದರೆ ಮಕ್ಕಳ ಕಾಲು ಸೊಟ್ಟಗಾಗಬಹುದು, ದೊಡ್ಡವರ ಮೂಳೆ ಮೆತ್ತಗಾಗಿ ನೋಯಬಹುದು.

ಒಂದು ಸಣ್ಣ ಲೆಕ್ಕ ನೋಡೋಣ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ದಿನಕ್ಕೆ 600 ಯೂನಿಟ್ ವಿಟಮಿನ್ ಡಿ ಬೇಕು. ಒಂದು ಮೊಟ್ಟೆಯ ಹಳದಿಯಲ್ಲಿ ಸಿಗುವುದು ಸುಮಾರು 40. ಡಿ ಬೆರೆಸಿದ ಹಾಲು ಒಂದು ಲೋಟಕ್ಕೆ 40ರಿಂದ 60. ಅಂದರೆ ಮೊಟ್ಟೆ, ಎರಡು ಲೋಟ ಹಾಲು ಸೇರಿದರೂ ಕಾಲು ಭಾಗದ ಆಸುಪಾಸು. ಕರಾವಳಿಯವರು ಅದೃಷ್ಟವಂತರು, ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನುಗಳಲ್ಲಿ ಡಿ ಚೆನ್ನಾಗಿದೆ. ಸಸ್ಯಾಹಾರಿಗಳಿಗೆ ಅಣಬೆಯುಂಟು. ಹೆಚ್ಚಿ ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟರೆ ಅದರಲ್ಲೂ ಡಿ ಹೆಚ್ಚುತ್ತದೆ. ಉಳಿದದ್ದಕ್ಕೆ ಸೂರ್ಯನೇ ಗತಿ.

ಬಿಸಿಲಿಗೇನು ಬರ ನಮ್ಮೂರಲ್ಲಿ ಅಂತೀರಾ? ಬರ ಬಿಸಿಲಿಗಲ್ಲ, ನಾವು ಅದರಲ್ಲಿ ನಿಲ್ಲುವುದಕ್ಕೆ. ಹಿಂದೆ ಹಪ್ಪಳ, ಸಂಡಿಗೆ ಅಂತ ಮಹಡಿ ಹತ್ತುತ್ತಿದ್ದೆವು, ಬಟ್ಟೆ ಒಣಗಿಸಲು ಹಿತ್ತಿಲಿಗೆ ಹೋಗುತ್ತಿದ್ದೆವು. ಈಗ ಫ್ಲ್ಯಾಟಿನ ಯುಟಿಲಿಟಿಯಲ್ಲೇ ಎಲ್ಲ. ಗಾಜಿನ ಕಿಟಕಿಯೊಳಗೆ ಬೀಳುವ ಬಿಸಿಲು ಬೆಚ್ಚಗಿರುತ್ತದೆಯೇ ಹೊರತು ಡಿ ಕೊಡುವುದಿಲ್ಲ. ಬೇಕಾದ ಕಿರಣಗಳನ್ನು ಗಾಜು ತಡೆದುಬಿಡುತ್ತದೆ. ಬೆಳಿಗ್ಗೆ ಆರೂವರೆಯ ಎಳೆಬಿಸಿಲಿನಿಂದಲೂ ಸಿಗುವುದು ಅತ್ಯಲ್ಪ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತೇ ಸರಿಯಾದ ಹೊತ್ತು.

ಇನ್ನೊಂದು ಅಡ್ಡಿ ನಮ್ಮ ಬಾಯಲ್ಲೇ ಇದೆ. ‘ಬಿಸಿಲಿಗೆ ಹೋಗ್ಬೇಡ್ವೇ, ಕಪ್ಪಾಗ್ತೀಯ!’ ಮಗನಿಗೆ ಹೇಳದ ಈ ಮಾತನ್ನು ಮಗಳಿಗೆ ಮಾತ್ರ ಏಕೆ ಹೇಳುತ್ತೇವೆ? ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಅವಳನ್ನು ಮನೆಯೊಳಗೆ ಕೂರಿಸಿ ಬಣ್ಣ ಉಳಿಸುವುದು ಯಾವ ಜಾಣತನ? ಬಣ್ಣಕ್ಕಿಂತ ಬೆನ್ನುಮೂಳೆ ಮುಖ್ಯ ಎಂದು ಮೊದಲು ತಾಯಂದಿರು ನಂಬಬೇಕು.

ಇನ್ನು ತಟ್ಟೆಯ ವಿಷಯ. ಗಂಡನಿಗೆ ಮೊಟ್ಟೆ, ಮಕ್ಕಳಿಗೆ ಹಾಲು, ಅತ್ತೆ ಮಾವನಿಗೆ ಹಣ್ಣು. ಕೊನೆಗೆ ನಿಮಗೆ ತಳದ ಸಾರು, ಅನ್ನ, ಮೇಲೊಂದು ಲೋಟ ಕಾಫಿ! ಇದನ್ನು ತ್ಯಾಗ ಎಂದು ಎಷ್ಟು ದಿನ ಹೊಗಳಿಸಿಕೊಳ್ಳುವುದು? ಅದೇ ಸಂಸ್ಥೆಗಳ ಪ್ರಕಾರ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19 ಸಾಕು. ಹೆಚ್ಚು ಬೇಕಾದವಳೇ ಉಳಿದದ್ದನ್ನು ತಿನ್ನುವುದು ಯಾವ ನ್ಯಾಯ ಹೇಳಿ.

ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದು ಇಷ್ಟು:

* ವಾರದಲ್ಲಿ ಮೂರ್ನಾಲ್ಕು ದಿನ ಹದಿನೈದು ಇಪ್ಪತ್ತು ನಿಮಿಷ ಕೈಕಾಲಿಗೆ ಬಿಸಿಲು ಬೀಳಲಿ. ಕಪ್ಪು ಮೈಬಣ್ಣದವರಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಬೇಸಿಗೆಯ ಉರಿಬಿಸಿಲಲ್ಲಿ ಅಷ್ಟು ಹೊತ್ತು ನಿಲ್ಲಬೇಡಿ, ಚರ್ಮ ಸುಡುವಷ್ಟಂತೂ ಬೇಡವೇ ಬೇಡ.
* ಹಾಲು, ಎಣ್ಣೆ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲೆ ನೀಲಿ ಬಣ್ಣದ ‘+ಎಫ್’ ಗುರುತು ಇದೆಯೇ ನೋಡಿ. ಎ ಮತ್ತು ಡಿ ಬೆರೆಸಿದ್ದಕ್ಕೆ ಅದೇ ಸಾಕ್ಷಿ.
* ಕ್ಯಾಲ್ಸಿಯಂಗೆ ರಾಗಿ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ದಾಟುತ್ತದೆ. ಹುರಿದ ಎಳ್ಳು, ನುಗ್ಗೆಸೊಪ್ಪು, ಮಜ್ಜಿಗೆ ಜೊತೆಗಿರಲಿ.
* ಕಾಳು ಮೊಳಕೆ ಕಟ್ಟಿ. ಕೋಸಂಬರಿಗೆ, ಪಲ್ಯಕ್ಕೆ ನಿಂಬೆರಸ ಹಿಂಡಿ, ಇಲ್ಲವೇ ನೆಲ್ಲಿಕಾಯಿ ಬಳಸಿ. ಸಿ ವಿಟಮಿನ್ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ.
* ಊಟದ ಹಿಂದೆಯೇ ಕಾಫಿ, ಟೀ ಬೇಡ. ಒಂದು ಗಂಟೆಯಾದರೂ ಬಿಡಿ.

ಹಾಗಂತ ಕೊರತೆ ತೀರಾ ಹೆಚ್ಚಿದ್ದಾಗ ಬಿಸಿಲು, ಊಟವನ್ನೇ ನಂಬಿ ಕೂರಬೇಡಿ, ಡಾಕ್ಟರನ್ನು ಕಾಣಿ. ಪಕ್ಕದ ಮನೆಯವರು ತಗೊಂಡ್ರು ಅಂತ 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ಟನ್ನು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಡಿ ಮೈಯಲ್ಲಿ ಶೇಖರವಾಗುವ ವಿಟಮಿನ್. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ತೊಂದರೆ.

ಮಧ್ಯಾಹ್ನ ಮಹಡಿಯ ಮೇಲೆ ಇಪ್ಪತ್ತು ನಿಮಿಷ ನಿಂತರೆ ಅದು ಸೋಮಾರಿತನವಲ್ಲ. ಮೊಟ್ಟೆಯನ್ನೋ ಒಂದು ಲೋಟ ಹಾಲನ್ನೋ ನಿಮಗೂ ತೆಗೆದಿಟ್ಟುಕೊಂಡರೆ ಅದು ಸ್ವಾರ್ಥವೂ ಅಲ್ಲ. ನಾಳೆ ಬಡಿಸುವಾಗ ಐದನೇ ತಟ್ಟೆಯನ್ನೂ ಮೊದಲೇ ಹಾಕಿಡಿ. ಅದು ನಿಮ್ಮದು!